ದರಕ್ಕೆ ಎರಡು ಹೊತ್ತು ಪರೀಕ್ಷೆ, ಹಸುವಿಗೆ ಯಾವಾಗ?

ಪುಣೆಯ ನಮ್ಮ ಕಂಪನಿ ವರ್ಷಕ್ಕೊಮ್ಮೆ ಎಲ್ಲರ ರಕ್ತ, ಮೂತ್ರ ಪರೀಕ್ಷೆ ಮಾಡಿಸುತ್ತದೆ. ಕಳೆದ ಸಲ ಆ ಸಾಲಿನಲ್ಲಿ ನಿಂತಿದ್ದಾಗಲೇ ಮಂಡ್ಯದ ಹಳ್ಳಿಯಿಂದ ಅಮ್ಮನ ಫೋನ್ ಬಂತು. ‘ಹಸ ಹಾಲು ಕಮ್ಮಿ ಮಾಡ್ಬಿಟ್ಟದೆ ಕಣಪ್ಪ. ಮೇವು ತಿಂತದೆ, ಜ್ವರ ಇಲ್ಲ. ಯಾರ ಕಣ್ಣು ಬಿತ್ತೋ!’ ದನದ ಡಾಕ್ಟರು ಬಂದು ಹಾಲು ಪರೀಕ್ಷಿಸಿದ ಮೇಲೆ ತಿಳಿಯಿತು: ಅದು ಮೇಲೆ ಕಾಣದ ಕೆಚ್ಚಲು ಬಾವು. ಅಷ್ಟರಲ್ಲಿ ಎರಡು ಮೊಲೆಗಳಿಗೆ ತಗುಲಿತ್ತು.

ಊರಿನ ಡೇರಿಯಲ್ಲಿ ದಿನಕ್ಕೆ ಎರಡು ಹೊತ್ತು ಹಾಲಿನ ಪರೀಕ್ಷೆ ನಡೆಯುತ್ತದೆ. ಆದರೆ ಫ್ಯಾಟ್, ಎಸ್‌ಎನ್‌ಎಫ್ ನೋಡುವುದು ದರ ಕಟ್ಟಲು. ಹಸುವಿನ ಆರೋಗ್ಯವನ್ನೂ ಅದೇ ಹಾಲು ಹೇಳಬಲ್ಲದು; ಕೇಳುವವರು ಕಡಿಮೆ.

ಕೇಳುವುದು ಕಷ್ಟವೂ ಅಲ್ಲ. ನಾಲ್ಕು ಬಟ್ಟಲುಗಳ ತಟ್ಟೆಗೆ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಕರೆದು, ಅಷ್ಟೇ ದ್ರಾವಣ ಬೆರೆಸಿ ತಿರುಗಿಸಬೇಕು. ಸೋಂಕಿನೊಡನೆ ಹೋರಾಡಲು ಬಂದ ಬಿಳಿ ರಕ್ತಕಣಗಳು ಹೆಚ್ಚಿದ್ದರೆ ಹಾಲು ಲೋಳೆಯಾಗುತ್ತದೆ. 1957ರಿಂದ ಬಳಕೆಯಲ್ಲಿರುವ ಈ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್ ಕೊಟ್ಟಿಗೆಯಲ್ಲೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ.

ಗಂಜಲವೂ ಹೀಗೆಯೇ ಸುದ್ದಿ ಕೊಡುತ್ತದೆ. ಕರು ಹಾಕಿದ ಮೊದಲ ವಾರಗಳಲ್ಲಿ ಹೆಚ್ಚು ಹಾಲು ಕೊಡುವ ಹಸುವಿಗೆ ತಿಂದದ್ದು ಸಾಲುವುದಿಲ್ಲ. ಮೈಯ ಕೊಬ್ಬು ಕರಗುತ್ತದೆ. ಅದು ಅತಿಯಾದರೆ ಕೀಟೋನ್ ಅಂಶ ಏರಿ, ಹಸು ಹಿಂಡಿ ಬಿಡುತ್ತದೆ, ಸೊರಗುತ್ತದೆ. ಮಧುಮೇಹಿಗಳು ಬಳಸುವಂಥ ಕೀಟೋನ್ ಪಟ್ಟಿಯನ್ನು ಗಂಜಲದಲ್ಲಿ ಅದ್ದಿದರೆ ಬಣ್ಣ ಬದಲಾಗಿ ಸುಳಿವು ಸಿಗುತ್ತದೆ. ಗೃಹಪ್ರವೇಶಕ್ಕೆ ಗಂಜಲ ಹಿಡಿದುಕೊಡುವ ನಮ್ಮ ಮನೆಗಳಿಗೆ ಇದೇನು ಹೊಸ ಕೆಲಸವಲ್ಲ.

ಹಾಗಿದ್ದೂ ಜನ ಹಿಂಜರಿಯುವುದೇಕೆ? ‘ರೋಗ ಗೊತ್ತಾದರೆ ಡೇರಿಯವರು ಹಾಲು ಬೇಡ ಅಂದರೆ?’ ಎಂಬ ಅಂಜಿಕೆ. ಆ ಅಂಜಿಕೆ ಸುಳ್ಳಲ್ಲ. ದಿನದ ಹಾಲಿನ ಮೇಲೆಯೇ ಸಂಸಾರ ನಿಂತಿರುತ್ತದೆ. ಆದರೆ ಮುಚ್ಚಿಟ್ಟ ಬಾವು ಒಳಗೇ ಬೆಳೆದು ಮೊಲೆಯನ್ನೇ ಬತ್ತಿಸಬಹುದು. ಬೇಗ ಗೊತ್ತಾದರೆ ನಷ್ಟ ಕೆಲವು ದಿನಗಳದ್ದು, ತಡವಾದರೆ ಇಡೀ ಸೂಲಿನದ್ದು. ಆದ್ದರಿಂದ ಸಂಘಗಳು ತಿಂಗಳಿಗೊಮ್ಮೆ ಈ ಪರೀಕ್ಷೆ ನಡೆಸಬೇಕು. ಅದು ತಪ್ಪು ಹಿಡಿಯಲು ಅಲ್ಲ, ಹಸು ಉಳಿಸಲು ಎಂಬ ಭರವಸೆಯನ್ನೂ ರೈತರಿಗೆ ಕೊಡಬೇಕು.

ಪರೀಕ್ಷೆ ಎಚ್ಚರಿಕೆಯಷ್ಟೇ, ಮದ್ದಲ್ಲ. ವಾಟ್ಸ್‌ಆ್ಯಪ್ ನೋಡಿ ಇಂಜೆಕ್ಷನ್ ಹಾಕಿಸುವುದು ಬೇಡ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಲಿ. ಆಂಟಿಬಯಾಟಿಕ್ ಕೊಟ್ಟರೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೂ ಹಾಕಬಾರದು, ಮನೆಯಲ್ಲೂ ಬಳಸಬಾರದು.

ಹೊರನಾಡಿನಲ್ಲಿ ದುಡಿಯುವ ನಾವು ಊರಿಗೆ ಹಸು ಕೊಳ್ಳಲು ಹಣ ಕಳಿಸುತ್ತೇವೆ, ಹಿಂಡಿ-ಬೂಸಾಕ್ಕೂ ಕಳಿಸುತ್ತೇವೆ. ಮುಂದಿನ ಸಲ ಊರಿಗೆ ಹೋಗುವಾಗ ಸಿಹಿ ಪೊಟ್ಟಣದ ಜೊತೆ ಆ ತಟ್ಟೆ, ದ್ರಾವಣವನ್ನೂ ಒಯ್ಯೋಣ. ಫೋನಿನಲ್ಲಿ ‘ಎಷ್ಟು ಲೀಟರ್ ಆಯ್ತು?’ ಎಂದು ಕೇಳುವ ಮೊದಲು ‘ಹಸ ಹೆಂಗದೆ?’ ಎಂದು ಕೇಳೋಣ.