ದೋಣಿಮನೆಯ ವಿದ್ಯುತ್ತು

ಇಂಗ್ಲೆಂಡಿನ ಕಾಲುವೆಗಳಲ್ಲಿ ಏಳಡಿಯಷ್ಟೇ ಅಗಲವಾದ ಉದ್ದನೆಯ ದೋಣಿಗಳನ್ನು ಮನೆ ಮಾಡಿಕೊಂಡ ಸಂಸಾರಗಳುಂಟು. ಅಲ್ಲಿ ದೀಪವೂ ನೀರಿನ ಪಂಪೂ ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತವೆ. ಊರಮನೆಯ ಉಪಕರಣಗಳಾದರೋ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಬೇಡುತ್ತವೆ. ಇವೆರಡರ ನಡುವೆ ಸಂಧಾನ ಮಾಡಿಸುವ ಪೆಟ್ಟಿಗೆಯೇ ಇನ್ವರ್ಟರು.

ಈ ಪೆಟ್ಟಿಗೆ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ರೂಪವನ್ನಷ್ಟೇ ಬದಲಿಸುತ್ತದೆ. ಅದಕ್ಕಾಗಿ ತನ್ನ ದಲಾಲಿಯನ್ನೂ ಮುರಿದುಕೊಳ್ಳುತ್ತದೆ! ಚಹಕ್ಕೆಂದು 2000 ವ್ಯಾಟಿನ ಕೆಟಲನ್ನು ಹಚ್ಚಿದೊಡನೆ ಬ್ಯಾಟರಿಯಿಂದ 170 ಆಂಪಿಯರಿಗೂ ಮಿಗಿಲಾದ ಪ್ರವಾಹ ಹರಿಯಬೇಕಾಗುತ್ತದೆ. ಅದಕ್ಕೆ ಬೆರಳುಗಾತ್ರದ ತಂತಿಯೂ ಬ್ಯಾಟರಿಯ ಬಳಿಯಲ್ಲೇ ಫ್ಯೂಸೂ ಇರಲೇಬೇಕು. ಹಣ ಉಳಿಸಲೆಂದು ತೆಳುತಂತಿ ಎಳೆದರೆ ಅದು ಕಾದು, ಹೊದಿಕೆ ಕರಗಿ, ಬೆಂಕಿಯೇ ಹತ್ತಬಹುದು. ಮರದ ಒಳಗೋಡೆಗಳ ಇಕ್ಕಟ್ಟಿನ ದೋಣಿಯಲ್ಲಿ ಓಡಿಹೋಗಲು ದಾರಿಯಾದರೂ ಎಷ್ಟು?

ಆದುದರಿಂದ ಅನುಭವಸ್ಥ ಗೃಹಿಣಿ ಚಹದ ನೀರನ್ನು ಗ್ಯಾಸ್ ಒಲೆಯ ಮೇಲೆಯೇ ಇಡುತ್ತಾಳೆ. ಹೊಲಿಗೆಯಂತ್ರ, ಮಕ್ಕಳ ಕಂಪ್ಯೂಟರು ಮೊದಲಾದ ಮಿತಾಹಾರಿಗಳಿಗೆ ಮಾತ್ರ ಇನ್ವರ್ಟರು. ಮಲಗುವ ಮುನ್ನ ಅದರ ಗುಂಡಿಯನ್ನೂ ಆರಿಸುತ್ತಾಳೆ. ಯಾವ ಉಪಕರಣವೂ ನಡೆಯದಿದ್ದಾಗಲೂ ಅದು ಬ್ಯಾಟರಿಯನ್ನು ತುಸುತುಸುವಾಗಿ ಹೀರುತ್ತಲೇ ಇರುತ್ತದೆ.