ಶಾಲೆಯ ದಾರಿಯಲ್ಲಿ ಮಕ್ಕಳ ಕಾಲ್ನಡಿಗೆ



ಬೇಸಿಗೆಯ ರಜೆ ಕಳೆದು ಶಾಲೆಗಳು ಬಾಗಿಲು ತೆರೆದವೆಂದರೆ ನಮ್ಮ ಚಂದ್ರಾ ಲೇಔಟಿನ ಮುಂಜಾನೆಯ ಸ್ವರೂಪವೇ ಬದಲಾಗಿಬಿಡುತ್ತದೆ. ಏಳೂವರೆ ಗಂಟೆಯಿಂದ ಒಂಬತ್ತರವರೆಗೆ ಎಂಬತ್ತಡಿ ರಸ್ತೆಯಲ್ಲಿ, ಅತ್ತಿಗುಪ್ಪೆಯ ಕಡೆಗೆ ಹೋಗುವ ಅಡ್ಡರಸ್ತೆಗಳಲ್ಲಿ, ನಾಗರಭಾವಿಯತ್ತ ಹೊರಳುವ ತಿರುವುಗಳಲ್ಲಿ ಸ್ಕೂಟರು, ಆಟೋ, ಶಾಲಾ ವ್ಯಾನು, ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಎಷ್ಟೋ ಕಾರುಗಳಲ್ಲಿ ನಡೆಸುವವರನ್ನು ಬಿಟ್ಟರೆ ಇರುವುದು ಒಂದು ಮಗು, ಒಂದು ಚೀಲ, ಒಂದು ನೀರಿನ ಬಾಟಲಿ. ಆ ಮಗುವಿನ ಮನೆಗೂ ಶಾಲೆಗೂ ಇರುವ ದೂರವಾದರೂ ಎಷ್ಟು? ಹಲವು ಮನೆಗಳ ವಿಷಯದಲ್ಲಿ ಅದು ಹದಿನೈದು ನಿಮಿಷದ ನಡಿಗೆಯನ್ನು ಮೀರುವುದಿಲ್ಲ.

ಹೀಗೇಕೆ ಎಂದು ತಾಯಿತಂದೆಗಳನ್ನು ಕೇಳಿದರೆ ಬರುವ ಉತ್ತರ ಒಂದೇ: “ಏನು ಮಾಡೋದು, ರೋಡು ನೀವೇ ನೋಡಿದ್ದೀರಲ್ಲ. ಮಕ್ಕಳನ್ನ ಹೇಗೆ ನಡೆಸೋದು?” ಈ ಮಾತು ಸುಳ್ಳಲ್ಲ. ಆದರೆ ಇದರೊಳಗೆ ಒಂದು ಸುತ್ತು ಇದೆ. ರಸ್ತೆ ಅಪಾಯಕರವೆಂದು ನಾವು ಗಾಡಿ ಹೊರತೆಗೆಯುತ್ತೇವೆ. ಎಲ್ಲರೂ ಗಾಡಿ ಹೊರತೆಗೆದದ್ದರಿಂದ ರಸ್ತೆ ಮತ್ತಷ್ಟು ಅಪಾಯಕರವಾಗುತ್ತದೆ. ಈ ಅಪಾಯದ ಫಲವನ್ನು ಉಣ್ಣುವವರು ಯಾರು? ಗಾಡಿಯಿಲ್ಲದ ಮನೆಯ ಮಕ್ಕಳು. ಮೂಡಲಪಾಳ್ಯ, ಗಂಗೊಂಡನಹಳ್ಳಿಯ ಕಡೆಯಿಂದ ತಮ್ಮ ತಂಗಿಯರ ಕೈಹಿಡಿದು ಶಾಲೆಗೆ ನಡೆದು ಹೋಗುವ ಮಕ್ಕಳು ನಮ್ಮ ಗಾಡಿಗಳ ನಡುವೆಯೇ ದಾರಿ ಹುಡುಕಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಕೆಲಸ ಮಾಡುವ ತಾಯಂದಿರ ಮಕ್ಕಳೂ ಅವರಲ್ಲಿದ್ದಾರೆ. ನಮ್ಮ ಮಗುವನ್ನು ಕಾಪಾಡಲು ಹೊರಟ ವಾಹನ ಇನ್ನೊಬ್ಬರ ಮಗುವಿಗೆ ಅಪಾಯವಾಗಬಾರದು. ಮಕ್ಕಳ ಕಾಲ್ನಡಿಗೆಯನ್ನು ಆರೋಗ್ಯದ ವಿಷಯವೆಂದು ಮಾತ್ರ ತಿಳಿಯದೆ ಸಮಾನತೆಯ ವಿಷಯವೆಂದೂ ತಿಳಿಯಬೇಕೆಂಬುದು ನಮ್ಮ ಅಭಿಪ್ರಾಯ.

ಆರೋಗ್ಯದ ಮಾತು ಬೇಡವೆಂದಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಶಾರೀರಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೋಗುವಾಗ ಹದಿನೈದು, ಬರುವಾಗ ಹದಿನೈದು ನಿಮಿಷ ಚುರುಕಾಗಿ ನಡೆದರೆ ಅದರ ಅರ್ಧ ಅಲ್ಲಿಯೇ ಆಯಿತು. ಸಂಜೆ ಬೇರೆ ತರಬೇತಿಗೆ ಹಣ ತೆತ್ತು, ಅಲ್ಲಿಗೂ ಕಾರಿನಲ್ಲಿ ಕರೆದೊಯ್ಯುವ ಪದ್ಧತಿ ನಮಗಂತೂ ವಿಚಿತ್ರವಾಗಿ ಕಾಣುತ್ತದೆ.

ಹಿಂದಿನವರು ಹತ್ತಾರು ಮೈಲಿ ನಡೆದು ಓದಿದರೆಂದು ಮೆರೆಸಿ ಹೇಳುವ ವಾಡಿಕೆ ನಮ್ಮಲ್ಲಿದೆ. ಆ ಮಾತನ್ನು ಎಚ್ಚರದಿಂದ ಆಡಬೇಕು. ಹಾಗೆ ನಡೆದು ಓದಿದವರ ಜೊತೆಗೆ, ದೂರದ ಕಾರಣದಿಂದಲೇ ಓದು ಬಿಟ್ಟವರೂ ಬಹಳ ಮಂದಿ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಊರಿನಲ್ಲಿ ಏಳನೆಯ ತರಗತಿಯವರೆಗೆ ಶಾಲೆ, ಪ್ರೌಢಶಾಲೆಗೆ ಇನ್ನೊಂದು ಊರು. ಅಲ್ಲಿಗೆ ಹುಡುಗಿಯ ಓದು ಮುಗಿಯುತ್ತಿತ್ತು. ಇದನ್ನು ಮನಗಂಡು ಕರ್ನಾಟಕ ಸರ್ಕಾರ 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಕೊಡುವ ಯೋಜನೆಯನ್ನು ಕೈಗೊಂಡಿತು. ಮೊದಲು ಹೆಣ್ಣುಮಕ್ಕಳಿಗೆ, ಅನಂತರ ಗಂಡುಮಕ್ಕಳಿಗೂ. ಅದೇ 2006ರಲ್ಲಿ ಬಿಹಾರವೂ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಬೈಸಿಕಲ್ ನೀಡತೊಡಗಿತು. ಅದರ ಫಲವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿದ್ದು ಕಂಡುಬಂತು. ಹುಡುಗಿಯರು ಗುಂಪುಗುಂಪಾಗಿ ಬೈಸಿಕಲ್ ತುಳಿದು ಹೋಗುವ ದೃಶ್ಯವೇ ಊರಿನ ಹಿರಿಯರ ಅಂಜಿಕೆಯನ್ನು ಎಷ್ಟೋ ಕಡಿಮೆ ಮಾಡಿತು. ಈ ‘ಗುಂಪು’ ಎಂಬ ಮಾತನ್ನು ಬಂಧುಗಳು ನೆನಪಿನಲ್ಲಿಡಬೇಕು.

ಮಗು ನಡೆಯಬೇಕಾದರೆ ಮೊದಲು ಶಾಲೆ ಹತ್ತಿರವಿರಬೇಕಷ್ಟೆ. ಶಿಕ್ಷಣ ಹಕ್ಕು ಕಾಯಿದೆಯ ಕೆಳಗೆ ಕೇಂದ್ರ ಸರ್ಕಾರ 2010ರಲ್ಲಿ ರೂಪಿಸಿದ ನಿಯಮಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯ ತರಗತಿಯವರಿಗೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕೆನ್ನುತ್ತವೆ. ಮೊದಲನೆಯದು ನಡೆಯುವ ದೂರ, ಎರಡನೆಯದು ಬೈಸಿಕಲ್ಲಿನ ದೂರ. ನಮ್ಮ ಬಡಾವಣೆಯ ಸುತ್ತಮುತ್ತ ಶಾಲೆಗಳಿಗೆ ಕೊರತೆಯಿಲ್ಲ. ಹಾಗಿದ್ದೂ ಹೆಸರಿನ ಮೋಹಕ್ಕೆ ಬಿದ್ದು ನಗರದ ಇನ್ನೊಂದು ತುದಿಯ ಶಾಲೆಗೆ ಆರು ವರ್ಷದ ಕೂಸನ್ನು ನಸುಕಿನಲ್ಲೇ ಎಬ್ಬಿಸಿ, ನಿದ್ದೆಗಣ್ಣಿನಲ್ಲಿ ವ್ಯಾನಿಗೆ ಹತ್ತಿಸುವವರಿದ್ದಾರೆ. ಆ ಶಾಲೆಯ ಪಾಠ ಎಷ್ಟೇ ಉತ್ತಮವಾಗಿರಲಿ, ದಿನಕ್ಕೆ ಎರಡು ತಾಸು ಹೊಗೆಯಲ್ಲಿ ಕೂತು ಬಂದ ಮಗುವಿಗೆ ಅದರಲ್ಲಿ ಎಷ್ಟು ದಕ್ಕೀತು ಎಂದು ಸೇರಿಸುವ ಮೊದಲೇ ಯೋಚಿಸುವುದು ಒಳಿತು.

ಇನ್ನು ಮುಖ್ಯವಾದ ಪ್ರಶ್ನೆ: ಚಿಕ್ಕ ಮಗುವನ್ನು ಒಂಟಿಯಾಗಿ ಕಳುಹಿಸಬಹುದೆ? ಕೂಡದು ಎಂದೇ ನಾವು ಹೇಳುತ್ತೇವೆ. ಇದು ಮಗುವಿನ ಬುದ್ಧಿಯ ಕೊರತೆಯಲ್ಲ, ಕಣ್ಣಿನ ಮತ್ತು ವಯಸ್ಸಿನ ಮಿತಿ. ಇಂಗ್ಲೆಂಡಿನ ರಾಯಲ್ ಹಾಲೋವೇ ಕಾಲೇಜಿನ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಬರುವ ವಾಹನ ತನ್ನತ್ತ ಬರುತ್ತಿದೆಯೆಂಬುದನ್ನು ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳು ಸರಿಯಾಗಿ ಗುರುತಿಸಲಾರರು. ‘ನೋಡಿಕೊಂಡು ದಾಟು’ ಎಂದು ನಾವು ಹೇಳುತ್ತೇವೆ; ಮಗು ನೋಡುತ್ತದೆ, ಆದರೂ ಕಾಣುವುದಿಲ್ಲ. ವಾಹನದ ಕಡೆಯಿಂದಲೂ ಲೆಕ್ಕ ಹಾಕೋಣ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಕಾರು, ನಡೆಸುವವನು ಕಂಡು ಬ್ರೇಕ್ ಒತ್ತಿ ನಿಲ್ಲುವಷ್ಟರಲ್ಲಿ ಸುಮಾರು 13 ಮೀಟರ್ ಮುಂದೆ ಬಂದಿರುತ್ತದೆ. 50ರ ವೇಗದಲ್ಲಿ ಅದು ಸುಮಾರು 28 ಮೀಟರ್. ಮಳೆಯಲ್ಲಿ ಇನ್ನೂ ಹೆಚ್ಚು. ಮಗುವನ್ನು ಬಿಟ್ಟು ಕಚೇರಿಗೆ ತಡವಾಯಿತೆಂದು ಶಾಲೆಯ ಬೀದಿಯಲ್ಲಿಯೇ ಗಾಡಿ ಓಡಿಸುವ ತಂದೆಯರು ಈ ಅಂಕಿಗಳನ್ನು ಗಮನಿಸಬೇಕು.

ಹೀಗಿರುವಾಗ ಉಳಿಯುವ ಮಾರ್ಗ ಜೊತೆಯಾಗಿ ನಡೆಯುವುದು. ಇದು ನಮಗೆ ಹೊಸತೆ? ಯುಗಾದಿಯ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಡೆಯ ಭಕ್ತರು ಮಲ್ಲಯ್ಯನ ಕಂಬಿ ಹೊತ್ತು ನೂರಾರು ಕಿಲೋಮೀಟರ್ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಬಿಸಿಲು ಏರುವ ಮುನ್ನ ಹೊರಡುವುದು, ದಾರಿ ಬಲ್ಲವರು ಮುಂದೆ ನಡೆಯುವುದು, ಹಿಂದೆ ಬಿದ್ದವರಿಗಾಗಿ ಕಾಯುವುದು, ದಾರಿಯುದ್ದಕ್ಕೂ ಊರಿನವರು ದಾಸೋಹ ನಡೆಸಿ ನೀರು, ಅನ್ನ ಕೊಡುವುದು, ನಲ್ಲಮಲದ ಕಾಡಿನಲ್ಲಿ ಒಬ್ಬರನ್ನೊಬ್ಬರು ಬಿಡದೆ ಸಾಗುವುದು, ಇವೆಲ್ಲ ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಜಂಗಮವೆಂದರೆ ಚಲಿಸುವುದು ಎಂದು ನಂಬಿದ ಸಮಾಜ ನಮ್ಮದು. ಕಾಡಿನಲ್ಲಿ ಇಷ್ಟು ಶಿಸ್ತಿನಿಂದ ನಡೆಯಬಲ್ಲ ನಾವು ನಾಲ್ಕು ಅಡ್ಡರಸ್ತೆಗಳಾಚೆಯ ಶಾಲೆಗೆ ಹತ್ತು ಮಕ್ಕಳನ್ನು ಕೂಡಿಸಿ ಕರೆದೊಯ್ಯಲಾರೆವೆ?

ಜಪಾನಿನಲ್ಲಿ ಒಂದು ಕೇರಿಯ ಮಕ್ಕಳು ಗೊತ್ತಾದ ಸ್ಥಳದಲ್ಲಿ ಸೇರಿ, ದೊಡ್ಡ ತರಗತಿಯ ಮಕ್ಕಳ ಮುಂದಾಳತ್ವದಲ್ಲಿ ಸಾಲಾಗಿ ಶಾಲೆಗೆ ನಡೆಯುವ ಪದ್ಧತಿಯಿದೆ. ಮೊದಲ ತರಗತಿಯ ಮಕ್ಕಳು ವಾಹನದವರಿಗೆ ದೂರದಿಂದಲೇ ಕಾಣಲೆಂದು ಹಳದಿ ಟೋಪಿ ಧರಿಸುತ್ತಾರೆ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ 1998ರಲ್ಲಿ ‘ನಡೆಯುವ ಬಸ್ಸು’ ಎಂಬ ಏರ್ಪಾಡು ಆರಂಭವಾಯಿತು. ಮುಂದೊಬ್ಬ ಹಿರಿಯರು, ಹಿಂದೊಬ್ಬ ಹಿರಿಯರು, ನಡುವೆ ಮಕ್ಕಳು. ಗೊತ್ತಾದ ದಾರಿ, ಗೊತ್ತಾದ ವೇಳೆ, ದಾರಿಯಲ್ಲಿ ಮಕ್ಕಳು ಕೂಡಿಕೊಳ್ಳುವ ನಿಲ್ದಾಣಗಳು. ಬಸ್ಸೊಂದು ಇಲ್ಲ, ಅಷ್ಟೆ.

ನಮ್ಮ ಬಡಾವಣೆಯಲ್ಲಿ ಇದಕ್ಕೆ ಜನಬಲವಿದೆ. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಉದ್ಯಾನಗಳಲ್ಲಿ ಸುತ್ತು ಹಾಕುವ ನಿವೃತ್ತ ಹಿರಿಯರು ಎಷ್ಟು ಮಂದಿ! ಅದೇ ನಡಿಗೆಯನ್ನು ಶಾಲೆಯ ದಾರಿಗೆ ತಿರುಗಿಸಿದರೆ ಅದೂ ಒಂದು ದಾಸೋಹವೇ. ಅಕ್ಕನ ಬಳಗದ ತಾಯಂದಿರು ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡರೆ ಯಾರಿಗೂ ಭಾರವಾಗದು. ಎಂಟು ಹತ್ತು ಮಕ್ಕಳಿಗೆ ಇಬ್ಬರು ಹಿರಿಯರು ಸಾಕು. ಒಂದು ಬೀದಿಯಲ್ಲಿ ನಮ್ಮವರ ಮಕ್ಕಳು ನಾಲ್ಕೇ ಇದ್ದರೆ ನೆರೆಯವರ ಮಕ್ಕಳನ್ನೂ, ಆಗಲೇ ನಡೆದು ಹೋಗುತ್ತಿರುವ ಮಕ್ಕಳನ್ನೂ ಕರೆದುಕೊಳ್ಳಿ. ಇವನಾರು ಎಂದು ಕೇಳುವ ಪದ್ಧತಿ ಇಲ್ಲಿಯೂ ಬೇಡ.

ದಾರಿಯನ್ನು ಆರಿಸುವಾಗ ಹತ್ತಿರದ್ದಕ್ಕಿಂತ ನಿರಪಾಯವಾದದ್ದನ್ನು ಆರಿಸಬೇಕು. ಎರಡು ನಿಮಿಷ ಹೆಚ್ಚಾದರೂ ಒಳರಸ್ತೆಗಳೇ ಮೇಲು. ಎಂಬತ್ತಡಿ ರಸ್ತೆಯನ್ನು ಸಿಗ್ನಲ್ ಇರುವ ಕಡೆ ಅಥವಾ ಸಂಚಾರಿ ಪೊಲೀಸರು ನಿಂತಿರುವ ಕಡೆ ಮಾತ್ರ, ಎಲ್ಲರೂ ಒಟ್ಟಿಗೆ ದಾಟಬೇಕು. ಹೊರವರ್ತುಲ ರಸ್ತೆಯ ಆಚೆಬದಿಯ ಮಕ್ಕಳನ್ನು ದೊಡ್ಡವರಿಲ್ಲದೆ ದಾಟಿಸಲೇಬಾರದು. ನಿಂತ ಬಸ್ಸಿನ ಮುಂದಿನಿಂದ ಓಡುವುದು, ಎರಡು ಕಾರುಗಳ ಸಂದಿಯಿಂದ ಹೊರಬರುವುದು, ಈ ಎರಡು ಅಭ್ಯಾಸಗಳನ್ನು ಮೊದಲ ವಾರವೇ ಬಿಡಿಸಬೇಕು. ನಾಯಿಗಳನ್ನು ಕಂಡರೆ ಓಡದೆ, ಕಲ್ಲೆಸೆಯದೆ, ಗುಂಪಾಗಿ ನಿಧಾನವಾಗಿ ಸಾಗಬೇಕು.

ಮಳೆಗಾಲದಲ್ಲಿ ವಿಶೇಷ ಎಚ್ಚರ ಅಗತ್ಯ. ನೀರು ನಿಂತ ಕಡೆ ಚರಂಡಿಯ ಚಪ್ಪಡಿ ಇದೆಯೋ ಇಲ್ಲವೋ ತಿಳಿಯದು. 2023ರ ನವೆಂಬರಿನಲ್ಲಿ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ಹತ್ತಿರ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ತಾಯಿ ಮತ್ತು ಕಂಕುಳ ಕೂಸು ಇಬ್ಬರೂ ಪ್ರಾಣ ಬಿಟ್ಟದ್ದನ್ನು ಮರೆಯಲಾದೀತೆ? ಆದುದರಿಂದ ಜೋತುಬಿದ್ದ ತಂತಿ, ತೆರೆದ ಪೆಟ್ಟಿಗೆ ಕಂಡರೆ ಬೆಸ್ಕಾಂನ 1912 ಸಂಖ್ಯೆಗೆ ಅಂದೇ ತಿಳಿಸಬೇಕು. ದಿನವೂ ನಡೆಯುವವರ ಕಣ್ಣಿಗೆ ಬೀಳುವ ಇಂತಹ ದೋಷ ಕಾರಿನ ಗಾಜಿನ ಹಿಂದಿರುವವರಿಗೆ ಕಾಣುವುದೇ ಇಲ್ಲ.

ಚೀಲದ ಭಾರವೂ ನಡಿಗೆಗೆ ಅಡ್ಡಿ. ರಾಜ್ಯ ಸರ್ಕಾರದ 2019ರ ಆದೇಶದಂತೆ ಒಂದು, ಎರಡನೆಯ ತರಗತಿಯ ಚೀಲ 2 ಕಿಲೋ ಮೀರಬಾರದು. ಐದನೆಯ ತರಗತಿಯವರೆಗೆ 3, ಎಂಟರವರೆಗೆ 4, ಹತ್ತರವರೆಗೆ 5 ಕಿಲೋ ಮಿತಿ. ಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ; ಹೆಚ್ಚಿದ್ದರೆ ಪೋಷಕರ ಸಭೆಯಲ್ಲಿ ವಿನಯದಿಂದಲೇ, ಆದರೆ ತೂಕದ ಲೆಕ್ಕ ಸಮೇತ ಕೇಳಿ.

ಬೈಸಿಕಲ್ಲಿನ ವಿಷಯ ಸ್ವಲ್ಪ ಬೇರೆ. ಆರು, ಏಳನೆಯ ತರಗತಿಗೆ ಬರುವವರೆಗೆ ಶಾಲೆಗೆ ಒಂಟಿ ಸವಾರಿ ಬೇಡವೆಂಬುದು ನಮ್ಮ ಸಲಹೆ. ಮುಂದೆ ಬೆಳೆಯುತ್ತಾನೆಂದು ದೊಡ್ಡ ಬೈಸಿಕಲ್ ಕೊಳ್ಳುವ ಜಾಣತನವನ್ನು ಬಿಡಬೇಕು. ಸೀಟಿನ ಮೇಲೆ ಕುಳಿತಾಗ ಮಗುವಿನ ಕಾಲು ನೆಲಕ್ಕೆ ಮುಟ್ಟಬೇಕು. ಎರಡೂ ಬ್ರೇಕು, ಗಂಟೆ, ಹಿಂದೆ ಕೆಂಪು ಹೊಳಪುಬಿಲ್ಲೆ ಇರಬೇಕು. ಚೀಲ ಹ್ಯಾಂಡಲಿನಲ್ಲಿ ತೂಗಾಡದೆ ಹಿಂದಿನ ಕ್ಯಾರಿಯರಿನಲ್ಲಿ ಕಟ್ಟಿರಬೇಕು. ಶಿರಸ್ತ್ರಾಣ ಧರಿಸಬೇಕು. ಎಡಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ದೊಡ್ಡ ರಸ್ತೆ ಬಂದಾಗ ಇಳಿದು ತಳ್ಳಿಕೊಂಡೇ ದಾಟಬೇಕು. ಹುಡುಗಿ ದೊಡ್ಡವಳಾದಳೆಂದು ಬೈಸಿಕಲ್ ಬಿಡಿಸುವ ಮನೆಗಳು ಇನ್ನೂ ಇವೆ. ಅಕ್ಕಮಹಾದೇವಿಯ ಜಯಂತಿಯನ್ನು ಆಚರಿಸುವ ಮನೆಗಳಿಗೆ ಇದು ಶೋಭೆಯಲ್ಲ.

ಇದಕ್ಕೆ ಬದಲಾಗಿ ಹದಿನೈದರ ಹುಡುಗನ ಕೈಗೆ ಸ್ಕೂಟರ್ ಕೊಟ್ಟು ಪಾಠಕ್ಕೆ ಕಳುಹಿಸುವುದನ್ನು ಕೆಲವರು ಹೆಮ್ಮೆಯೆಂದು ತಿಳಿದಿದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತರು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ. ಬೈಸಿಕಲ್ಲಿಗೆ ಪರವಾನಗಿಯೂ ಬೇಡ, ಪೆಟ್ರೋಲೂ ಬೇಡ.

ಕಾಲುದಾರಿಯೇ ಇಲ್ಲದಿದ್ದರೆ ನಡೆಯುವುದೆಲ್ಲಿ ಎಂದು ಬಂಧುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವುದು ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿರುವ ಹಕ್ಕೆಂದು ಹೇಳಿದೆ. ಈ ಮಾತನ್ನು ಉಲ್ಲೇಖಿಸಿ ಬೀದಿಯವರೆಲ್ಲ ಸಹಿ ಹಾಕಿ ನಗರ ಪಾಲಿಕೆಗೆ, ಸಂಚಾರಿ ಪೊಲೀಸರಿಗೆ ಮನವಿ ಕೊಡಬಹುದು: ಶಾಲೆಯ ಮುಂದೆ ದಾಟುಪಟ್ಟೆ, ವೇಗತಡೆ, ಬೆಳಗಿನ ಒಂದು ತಾಸು ಪೊಲೀಸರ ಇರವು. ಇಂದು ಬೈಸಿಕಲ್ಲಿನ ನಾಡೆಂದು ಹೆಸರಾದ ನೆದರ್ಲೆಂಡ್ಸ್ ಮೊದಲಿನಿಂದಲೂ ಹಾಗಿರಲಿಲ್ಲ. 1971ರ ಒಂದೇ ವರ್ಷದಲ್ಲಿ ಅಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತಗಳಲ್ಲಿ ಸತ್ತರು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಾಯಿತಂದೆಗಳು ಬೀದಿಗಿಳಿದ ಮೇಲೆ ಅಲ್ಲಿನ ರಸ್ತೆಗಳ ಸ್ವರೂಪ ಬದಲಾಗತೊಡಗಿತು.

ಮನವಿ ಕೊಡುವ ಮೊದಲು ನಮ್ಮ ಗೇಟಿನ ಹೊರಗೆ ಒಮ್ಮೆ ನೋಡಬೇಕು. ಕಾರು ಏರಿಸಲು ಪಾದಚಾರಿ ಮಾರ್ಗವನ್ನು ಕಡಿದು ಮಾಡಿದ ಇಳಿಜಾರು, ಅದರ ಮೇಲೆ ಸಾಲಾಗಿಟ್ಟ ಹೂಕುಂಡ, ಮನೆ ಕಟ್ಟಿ ಉಳಿದ ಜಲ್ಲಿಯ ರಾಶಿ, ಜಾಗವಿಲ್ಲವೆಂದು ಅಡ್ಡ ನಿಲ್ಲಿಸಿದ ಎರಡನೆಯ ಕಾರು. ಮಗುವನ್ನು ರಸ್ತೆಯ ನಡುವಿಗೆ ಇಳಿಸುವುದು ಇವೇ. ಇವನ್ನು ತೆರವು ಮಾಡಲು ಯಾವ ಕಚೇರಿಯ ಅಪ್ಪಣೆಯೂ ಬೇಕಿಲ್ಲ.

ಆರಂಭಕ್ಕೆ ವಾರದಲ್ಲಿ ಎರಡು ದಿನ ಸಾಕು. ಬರುವ ಭಾನುವಾರ ರಸ್ತೆ ಖಾಲಿಯಿರುವಾಗ ಮಗುವಿನೊಡನೆ ಶಾಲೆಯವರೆಗೆ ನಡೆದು, ಎಲ್ಲೆಲ್ಲಿ ನಿಲ್ಲಬೇಕು, ಎಲ್ಲಿ ದಾಟಬೇಕು, ತೊಂದರೆಯಾದರೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದನ್ನು ತೋರಿಸಿಕೊಡಿ. ಗುಂಪು ಕಟ್ಟಿಕೊಂಡ ಬೀದಿಯವರು ತಮ್ಮ ದಾರಿಯನ್ನೂ ಎದುರಾದ ತೊಡಕುಗಳನ್ನೂ ಬರೆದು ಕಳುಹಿಸಿದರೆ ಈ ಅಂಕಣದಲ್ಲಿ ಪ್ರಕಟಿಸುತ್ತೇವೆ. ಇತರ ಬಡಾವಣೆಗಳ ಬಂಧುಗಳಿಗೂ ಅದರಿಂದ ಉಪಯೋಗವಾಗುತ್ತದೆ.