ಸತ್ತರು ಅಂತ ಬರೆದವರು ಯಾರು?

ತಾಯಿನೊ ಎಂಬ ಜನ ಪೂರ್ತಿ ಅಳಿದುಹೋದರು ಅಂತ ಪುಸ್ತಕದಾಗ ಬರೆದಿರತಾರ. ಓದಿದವರು ಹೌದು ಅಂತ ತಲಿ ಅಲ್ಲಾಡಸ್ತಾರ. ನನಗ ಈ ಮಾತಿನ ಮ್ಯಾಲ ಸಿಟ್ಟು ಐತಿ. ಯಾಕ ಅಂತ ಹೇಳತೀನಿ.

ಮೊದಲು ಇವರು ಯಾರಂತ ತಿಳಕೊಳ್ರಿ. 1492ರ ಅಕ್ಟೋಬರದಲ್ಲಿ ಕೊಲಂಬಸ್ ಹಿಂದೂಸ್ತಾನದ ಕಡೆ ಬಂದೆನೆಂದು ತಿಳಿದು ಬಹಾಮಾ ದ್ವೀಪದಲ್ಲಿ ಇಳಿದನಲ್ಲ, ಆಗ ದಂಡಿ ಮ್ಯಾಲ ನಿಂತಿದ್ದವರು ಇವರೇ. ನಮ್ಮ ದೇಶದ ಹೆಸರನ್ನು ಅವರಿಗೆ ಅಂಟಿಸಿ ‘ಇಂಡಿಯನ್’ ಅಂತ ಕರೆದ. ಕ್ಯೂಬಾ, ಹೈತಿ, ಡೊಮಿನಿಕನ್ ದೇಶ, ಜಮೈಕಾ, ಪೋರ್ಟೊ ರಿಕೊ ಎಲ್ಲಾ ಅವರ ನೆಲ. ಮಣ್ಣು ದಿಬ್ಬ ಮಾಡಿ ಮರಗೆಣಸು, ಸಿಹಿಗೆಣಸು ಬೆಳೆಯುತ್ತಿದ್ದ ಒಕ್ಕಲುತನದ ಮಂದಿ. ಸ್ಪೇನಿನವರು ಬಂಗಾರದ ಆಸೆಗೆ ಅವರನ್ನು ಗಣಿಯಲ್ಲಿ ದುಡಿಸಿದರು, ಹಸಿವು ಬಿತ್ತು, ಸಿಡುಬು ಬಂತು. ಒಂದೆರಡು ತಲೆಮಾರಿನಲ್ಲಿ ಬಹುಪಾಲು ಜನ ಸತ್ತರು. ಅದು ಖರೆ. ಎಲ್ಲರೂ ಸತ್ತರು ಅನ್ನೋದು ಸುಳ್ಳು.

ಲೆಕ್ಕ ಬರೆದವರು ಯಾರು ನೋಡ್ರಿ. ದುಡಿಸಿಕೊಳ್ಳುವ ಧಣಿ ತನ್ನ ಕೈಕೆಳಗಿನ ಆಳುಗಳನ್ನ ಎಣಿಸಿದ. ತಪ್ಪಿಸಿಕೊಂಡು ಗುಡ್ಡ ಸೇರಿದವರು ಅವನ ಲೆಕ್ಕಕ್ಕ ಇಲ್ಲ. ಸ್ಪೇನಿನವನ ಮನಿ ಸೇರಿದ ತಾಯಿನೊ ಹೆಣ್ಣುಮಗಳ ಮಕ್ಕಳು ಬೇರೆ ಪಟ್ಟಿಗೆ ಹೋದರು. ಕಡೆಗೆ 1800ರ ಸುಮಾರಿಗೆ ಪೋರ್ಟೊ ರಿಕೊದ ಜನಗಣತಿಯಿಂದ ‘ಇಂಡಿಯನ್’ ಎಂಬ ಖಾನೆಯನ್ನೇ ತೆಗೆದು, ಉಳಿದವರನ್ನು ಮಿಶ್ರ ಬಣ್ಣದವರ ಖಾನೆಗೆ ಹಾಕಿದರು. ಮುಗೀತು. ತಲಾಠಿ ಸಾತಬಾರಾದಾಗ ಬೆಳಿ ಹೆಸರು ಬರೀಲಿಲ್ಲ ಅಂದರ ಹೊಲದಾಗ ನಿಂತ ಜೋಳ ಒಣಗತೈತೇನ್ರಿ?

ಈಗ ಅದೇ ಪೋರ್ಟೊ ರಿಕೊದಲ್ಲಿ 2010ರ ಗಣತಿಯಾದಾಗ 20 ಸಾವಿರದ ಹತ್ತಿರ ಜನ ತಮ್ಮನ್ನು ಮೂಲನಿವಾಸಿ ಅಂತ ಬರೆಸಿದರು. ಕಲಿತವರು ನಕ್ಕರು. ತಲಿಗೆ ಗರಿ ಕಟ್ಟಿಕೊಂಡು ವೇಷ ಹಾಕತಾರ, ರಕ್ತ ಬೆರಕಿ ಆಗೈತಿ, ಭಾಷೆ ಸತ್ತೈತಿ, ದೇವರೂ ಹೊಸಾವು ಅಂದರು. ಒಂದೊಂದಕ್ಕ ಉತ್ತರ ಕೊಡತೀನಿ.

ರಕ್ತದ ಮಾತು ಬೇಗ ಮುಗಸ್ತೀನಿ. ಪೋರ್ಟೊ ರಿಕೊದ ವಿಜ್ಞಾನಿ ಮಾರ್ಟಿನೆಜ್ ಕ್ರುಸಾದೊ ಎಂಬವರು ಪರೀಕ್ಷೆ ಮಾಡಿ, ಅಲ್ಲಿನ ಜನರಲ್ಲಿ ನೂರಕ್ಕೆ 60ರಷ್ಟು ಮಂದಿಗೆ ತಾಯಿಯ ಕಡೆಯ ಮೂಲ ಈ ಆದಿ ಜನರದೇ ಅಂತ ತೋರಿಸಿದರು. ನಕ್ಕವರ ಬಾಯಿ ಮುಚ್ಚಲಿಕ್ಕೆ ಇದು ಸಾಕು. ಆದರ ನನಗ ಇದು ದೊಡ್ಡ ಸಾಕ್ಷಿ ಅಲ್ಲ. ರಕ್ತ ಅಳೆದು ಮನುಷ್ಯನನ್ನ ಖಾನೆಗೆ ಹಾಕೂದು ಆ ಧಣಿಗಳ ಚಾಳಿ. ತಾಯಿನೊ ಗುಂಪುಗಳೊಳಗೂ ನಾ ಖರೆ, ನೀ ಸುಳ್ಳು ಅಂತ ಜಗಳ ಅದಾವಂತ. ಅವರೂ ಅದನ್ನ ಬಿಡಬೇಕು.

ದೊಡ್ಡ ಸಾಕ್ಷಿ ಅಡಗಿ ಮನ್ಯಾಗ ಐತಿ. ಕಹಿ ಮರಗೆಣಸಿನೊಳಗ ವಿಷ ಇರತೈತಿ. ಅದನ್ನು ಹೆರೆದು, ಹಿಂಡಿ, ವಿಷದ ನೀರು ತೆಗೆದು, ಹಿಟ್ಟು ಮಾಡಿ ಹಂಚಿನ ಮೇಲೆ ರೊಟ್ಟಿ ಸುಡಬೇಕು. ಕಸಾಬೆ ಅಂತಾರ ಅದಕ್ಕ. ಡೊಮಿನಿಕನ್ ದೇಶದಲ್ಲಿ, ಕ್ಯೂಬಾದ ಮೂಡಣ ಸೀಮೆಯಲ್ಲಿ ಇವತ್ತಿಗೂ ಸುಡತಾರ. 2024ರಲ್ಲಿ ಯುನೆಸ್ಕೊದವರು ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿದರು. ವಿಷ ತೆಗೆಯುವ ವಿದ್ಯೆ ಅವ್ವ ಮಗಳಿಗೆ ಕೈ ಹಿಡಿದು ಕಲಿಸಬೇಕು. ಎಲ್ಲರೂ ಸತ್ತಿದ್ದರ ಕಲಿಸಿದವರು ಯಾರು? ನಾವು ಏಕಾದಶಿಗೆ ಉಪವಾಸ ಅಂತ ಹೇಳಿ ಹೊಟ್ಟಿ ತುಂಬ ತಿನ್ನೋ ಸಾಬುದಾಣಿಯೂ ಅದೇ ಗೆಣಸಿನದು. ಬಟಾಟಿ ಅನ್ನೋ ನಮ್ಮ ಮಾತೂ ಅವರದೇ. ಅವರು ಸಿಹಿಗೆಣಸಿಗೆ ಹಂಗ ಅಂತಿದ್ದರು, ಪೋರ್ಚುಗೀಸರ ಹಡಗು ಹತ್ತಿ ಇಲ್ಲಿಗೆ ಬಂತು.

ಇನ್ನು ದೇವರು. ಅವರ ದೇವರಿಗೆ ಸೆಮಿ ಅಂತಾರ. ಕಲ್ಲಿನಾಗ, ಕಟಿಗ್ಯಾಗ ಇರತಾವ. ಮರಗೆಣಸಿನ ಒಡೆಯ ಯುಕಾಹು, ಅವನ ತಾಯಿ, ಸಿಹಿನೀರಿನ ದೇವಿ ಅತಾಬೇ. ಈಗಿನವರು ಈ ದೇವರನ್ನ ಪುಸ್ತಕ ನೋಡಿ ಮತ್ತ ಎಬ್ಬಿಸ್ಯಾರ ಅನ್ನೋದು ಆಕ್ಷೇಪ. ಹೌದು, ರಾಮೋನ್ ಪಾನೆ ಎಂಬ ಪಾದ್ರಿ ಕೊಲಂಬಸನ ಅಪ್ಪಣೆಯಂತೆ ಅವರ ನಡುವೆ ಇದ್ದು ಬರೆದ ಕಾಗದದಿಂದ ಬಹಳಷ್ಟು ತಿಳಕೊಂಡಾರ. ಮನಿ ಸುಟ್ಟವರ ಕಡೆಯಿಂದಲೇ ಮನಿ ದೇವರ ಹೆಸರು ಕೇಳೋ ಪ್ರಸಂಗ ಬಂತಲ್ಲ, ಅದಕ್ಕ ನಗತೀರೇನು? ಹರಿದ ಡೊಳ್ಳಿಗೆ ಹೊಸ ಚರ್ಮ ಎಳೆದರ ಅದು ಸುಳ್ಳು ಡೊಳ್ಳು ಆಗತೈತೇನು? ಹುಲಜಂತಿಯ ಮಾಳಿಂಗರಾಯನ ಮುಂದ ನಾವು ಬಾರಿಸೋ ಡೊಳ್ಳು ಎಷ್ಟು ಸಲ ಚರ್ಮ ಬದಲಿ ಆಗೈತಿ! 2005ರಲ್ಲಿ ಪೋರ್ಟೊ ರಿಕೊದ ಕಾಗುವಾನಾ ಎಂಬ ಪುರಾತನ ಪೂಜೆಯ ಬಯಲಿನಲ್ಲಿ ತಾಯಿನೊ ಮಂದಿ ಠಿಕಾಣಿ ಹಾಕಿ, ನಮ್ಮ ಹಿರಿಯರ ಜಾಗ ನಮಗೆ ಗೌರವದಿಂದ ಬಿಡ್ರಿ ಅಂತ ಉಪವಾಸ ಕೂತರು. ವೇಷದವರು ಹಸಿದು ಕೂಡೂದಿಲ್ಲ.

ಉಳಿದದ್ದು ಭಾಷೆ. ಇಲ್ಲಿ ನನ್ನ ಗಂಟಲು ಕಟ್ಟತೈತಿ. ಅವರ ಇತಿಹಾಸವೆಲ್ಲಾ ಅರೇತೊ ಎಂಬ ಹಾಡಿನಲ್ಲಿತ್ತು. ಒಬ್ಬರು ಮುಂದ ಹಾಡೂದು, ಉಳಿದವರು ಹಿಂದ ಎತ್ತಿಕೊಂಡು ಕುಣಿಯೂದು, ಥೇಟ್ ನಮ್ಮ ಮೇಳದಂಗ. ಅನಾಕಾವೋನಾ ಎಂಬ ರಾಣಿ ಅರೇತೊ ಕಟ್ಟೂದರಾಗ ಹೆಸರಾದವಳು. 1503ರಲ್ಲಿ ಓವಾಂದೊ ಎಂಬ ಗವರ್ನರ್ ಅವಳ ಊರಿಗೆ ಅತಿಥಿಯಾಗಿ ಬಂದು ಉಂಡ, ಹಾಡು ಕುಣಿತ ನೋಡಿದ, ಆಮ್ಯಾಲ ಅವಳ ನಾಯಕರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿಸಿದ. ಅವಳನ್ನು ಗಲ್ಲಿಗೆ ಹಾಕಿದರು. ಅವಳ ಒಂದು ಪದವೂ ಉಳಿದಿಲ್ಲ. ಇದು ಸಣ್ಣ ಹಾನಿ ಅಂತ ಯಾರಾದರೂ ಅಂದರ ನಾ ಒಪ್ಪೂದಿಲ್ಲ. ಭಾಷೆ ಹೋದರ ಮನಿಯ ನಡುಗಂಬ ಹೋದಂಗ. ಆದರ ಕಂಬ ಮುರಿದ ಮನ್ಯಾಗ ಕುಂತವರನ್ನ ಹೆಣ ಅಂತ ಕರೀಬ್ಯಾಡ್ರಿ.

ನಮ್ಮ ಜತ್, ಅಕ್ಕಲಕೋಟ ಕಡೆ ಈ ಮಾತು ಬ್ಯಾರೆಯವರದಲ್ಲ. ಮೊಮ್ಮಕ್ಕಳು ಮರಾಠಿ, ಇಂಗ್ಲಿಷ್ ಶಾಲಿಗೆ ಹೋಗತಾವ, ಕನ್ನಡ ಅಕ್ಷರ ಬರೂದಿಲ್ಲ. ಅವನ್ನ ಮೇಳದ ಹಿಂದ ನಿಲ್ಲಿಸಿದರ ಪದ ಎತ್ತತಾವ. ಇವರಾದ ಮ್ಯಾಲ ಇಲ್ಲಿ ಕನ್ನಡ ಮುಗೀತು ಅಂತ ಆಚೆಯವರೂ ಹೇಳತಾರ, ಈಚೆಯವರೂ ಹೇಳತಾರ. ಅಕ್ಷರ ಕಲಿಸೂದು ಬಿಟ್ಟು ತಿಥಿ ಗೊತ್ತು ಮಾಡಾಕ ಕುಂತಾರ.

ಇಪ್ಪತ್ತು ವರ್ಷಕ್ಕೂ ಹಿಂದೆ ಅಮೆರಿಕದ ಒಂದು ದೊಡ್ಡ ಮ್ಯೂಸಿಯಂ ತಾನು ಇಟ್ಟುಕೊಂಡಿದ್ದ ತಾಯಿನೊ ಹಿರಿಯರ ಎಲುಬುಗಳನ್ನು ಕ್ಯೂಬಾದ ಗುಡ್ಡದೊಳಗಿನ ಕಾರಿದಾದ್ ದೆ ಲೊಸ್ ಇಂದಿಯೊಸ್ ಎಂಬ ಊರಿಗೆ ಮರಳಿ ಕೊಟ್ಟಿತು. ಊರವರು ಇಸಗೊಂಡು ಮಣ್ಣು ಮಾಡಿದರು. ಗುರುಗಳೇ, ಮುಂದಿನ ವರ್ಷ ಕೊಲಂಬಸನ ಪಾಠ ಬಂದಾಗ ಹುಡುಗರಿಗೆ ಆ ಊರಿನ ಹೆಸರನ್ನೂ ಬರೆಸ್ರಿ.